ಅಲ್ಯೂಮಿನಿಯಂ ಗಾಲಿಗಳ ಪಾಲಿಶ್ ಮತ್ತು ಆರೈಕೆ

ಮೋಟಾರು ವಾಹನಗಳಿಗೆ ಹಾಕುವ ಅಲ್ಯೂಮಿನಿಯಂ ಮಿಶ್ರಲೋಹದ ಗಾಲಿಗಳನ್ನು ತೊಳೆದು, ಉಜ್ಜಿ, ಹೊಳಪು ಬರಿಸಿ, ಬಂದ ಹೊಳಪನ್ನು ಕಾಯ್ದುಕೊಳ್ಳುವ ಕೆಲಸವಿದು. ಜನರ ಮಾತಿನಲ್ಲಿ ಈ ಗಾಲಿಗಳಿಗೆ ಅಲಾಯ್ ವೀಲ್ ಎಂಬ ಹೆಸರೇ ನಿಂತಿದೆ. ನಮ್ಮಲ್ಲಿ ಕಾರು, ಬೈಕುಗಳಲ್ಲಿ ಇವು ಸಾಮಾನ್ಯ. ಲಾರಿಗಳಲ್ಲಿ ಇನ್ನೂ ಉಕ್ಕಿನ ಡಿಸ್ಕೇ ಹೆಚ್ಚು. ಅಮೆರಿಕ, ಕೆನಡಾಗಳ ದೂರಪ್ರಯಾಣದ ಟ್ರಕ್ಕುಗಳಲ್ಲಿ ಅಲ್ಯೂಮಿನಿಯಂ ಗಾಲಿ ಮಾಮೂಲು. ಅದನ್ನು ಕನ್ನಡಿಯಂತೆ ಹೊಳೆಸುವುದು ಒಂದು ಪ್ರತ್ಯೇಕ ಕಸುಬಾಗಿ ಬೆಳೆದದ್ದೂ ಅಲ್ಲಿಯೇ. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಗಾಲಿ ಅಷ್ಟಿಷ್ಟಾದರೂ ಸವೆಯುತ್ತದೆ. ಈ ಸಂಗತಿ ನೆನಪಿನಲ್ಲಿದ್ದರೆ ಈ ಕೆಲಸದಲ್ಲಿ ಆಗುವ ಅರ್ಧ ತಪ್ಪುಗಳು ಆಗುವುದಿಲ್ಲ.

ಹಿನ್ನೆಲೆ

1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸಿನ ಪಾಲ್ ಎರೂ ಇಬ್ಬರೂ ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ವಿಧಾನ ಕಂಡುಹಿಡಿದ ಮೇಲೆ ಈ ಲೋಹ ಅಗ್ಗವಾಯಿತು. 1924ರಲ್ಲಿ ಲಿಯಾನ್ ನಗರದ ಬಳಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿ ಪಂದ್ಯಕ್ಕೆ ಬುಗಾಟಿ ಟೈಪ್ 35 ಕಾರು ಎಂಟು ಚಪ್ಪಟೆ ಕಡ್ಡಿಗಳ ಎರಕದ ಅಲ್ಯೂಮಿನಿಯಂ ಗಾಲಿಗಳೊಡನೆ ಇಳಿಯಿತು. ಅದರಲ್ಲಿ ಬ್ರೇಕ್ ಡ್ರಮ್ಮೂ ಗಾಲಿಯೂ ಒಂದೇ ಎರಕ. ಟ್ರಕ್ಕುಗಳ ಕಥೆ ಶುರುವಾಗುವುದು 1948ರಲ್ಲಿ. ಅಲ್ಕೋವಾ ಕಂಪನಿ ಆ ವರ್ಷ ಟ್ರಕ್ಕಿಗಾಗಿ ಫೋರ್ಜ್ ಮಾಡಿದ, ಎಂದರೆ ಬಿಸಿ ಲೋಹದ ಗಟ್ಟಿಯನ್ನು ಭಾರಿ ಪ್ರೆಸ್ಸಿನಲ್ಲಿ ಅದುಮಿ ರೂಪ ಕೊಟ್ಟ ಗಾಲಿಯನ್ನು ಹೊರತಂದಿತು.

ಆಗ ಟ್ರಕ್ ಮಾಲೀಕರಿಗೆ ಬೇಕಾಗಿದ್ದದ್ದು ತೂಕದ ಉಳಿತಾಯ. ಅಂದದ ಮಾತು ಆಮೇಲೆ ಬಂತು. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಮೂರನೇ ಒಂದು ಭಾಗ. ಇಂದು ಬಳಕೆಯಲ್ಲಿರುವ 22.5 ಇಂಚಿನ ಫೋರ್ಜ್ ಗಾಲಿ ಸುಮಾರು 20ರಿಂದ 25 ಕಿಲೋ ತೂಗಿದರೆ ಅದೇ ಅಳತೆಯ ಉಕ್ಕಿನದು 30 ಕಿಲೋ ದಾಟುತ್ತದೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಸರಕು ಸೇರಿ ಒಂದು ವಾಹನದ ಒಟ್ಟು ತೂಕ 80,000 ಪೌಂಡ್, ಎಂದರೆ ಸುಮಾರು 36 ಟನ್ ಮೀರಬಾರದು. ಹದಿನೆಂಟು ಗಾಲಿಯ ವಾಹನದಲ್ಲಿ ಗಾಲಿಗೆ ಹತ್ತು ಕಿಲೋ ಉಳಿದರೂ ಆ ಉಳಿತಾಯವೆಲ್ಲ ಬಾಡಿಗೆ ತರುವ ಸರಕಾಗುತ್ತದೆ. ಲೆಕ್ಕಕ್ಕಾಗಿ ಬಂದ ಗಾಲಿ ಕ್ರಮೇಣ ಚಾಲಕನ ಅಭಿಮಾನದ ಗುರುತೂ ಆಯಿತು. ಅಯೋವಾ ರಾಜ್ಯದ ವಾಲ್ಕಾಟ್‌ನ ಟ್ರಕ್ ಜಾತ್ರೆಯಲ್ಲೂ ಕೆಂಟಕಿಯ ಲೂಯಿವಿಲ್‌ನಲ್ಲಿ ನಡೆಯುವ ಮಿಡ್-ಅಮೆರಿಕ ಟ್ರಕಿಂಗ್ ಷೋದಲ್ಲೂ ಟ್ರಕ್ಕುಗಳಿಗೆ ಸೌಂದರ್ಯ ಸ್ಪರ್ಧೆಯಿದೆ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಾಲಿಯೇ.

ಲೋಹದ ಗುಣ

ಅಲ್ಯೂಮಿನಿಯಂಗೆ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಹಾಗೆಂದು ಅದಕ್ಕೆ ಏನೂ ಆಗುವುದಿಲ್ಲ ಎಂದುಕೊಂಡರೆ ತಪ್ಪು. ಗಾಳಿ ತಗುಲಿದ ಕ್ಷಣದಲ್ಲೇ ಅದರ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗವೋ ನಾಲ್ಕು ಭಾಗವೋ ಅಷ್ಟೇ. ಒಳಗಿನ ಲೋಹವನ್ನು ಕಾಯುವುದು ಈ ಪೊರೆ. ಉಜ್ಜಿ ತೆಗೆದರೆ ಮತ್ತೆ ಕಟ್ಟುತ್ತದೆ. ಅದರ ದೌರ್ಬಲ್ಯವೆಂದರೆ ಹುಳಿಗೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಪಿಎಚ್ ಮೌಲ್ಯ ಸುಮಾರು 4ರಿಂದ 8.5ರ ನಡುವೆ ಇರುವವರೆಗೆ ಮಾತ್ರ ಅದು ಭದ್ರ.

ಇದನ್ನು ಅರಿಯಲು ಪ್ರಯೋಗಶಾಲೆ ಬೇಡ, ಅಡುಗೆಮನೆ ಸಾಕು. ಅಲ್ಯೂಮಿನಿಯಂ ಪಾತ್ರೆಯಲ್ಲಿ ದಿನವೂ ಬೋರ್‌ವೆಲ್ ನೀರು ಕಾಯಿಸಿದರೆ ಒಳಮೈ ಕಪ್ಪಾಗುತ್ತದೆ. ಅದೇ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಕುದಿಸಿದರೆ ಕಪ್ಪು ಬಿಟ್ಟು ಬೆಳ್ಳಗಾಗುತ್ತದೆ. ಮೊದಲಿನದು ನೀರಿನ ಕ್ಷಾರ, ಖನಿಜಗಳ ಕೆಲಸ; ಎರಡನೆಯದು ಹುಳಿಯ ಕೆಲಸ. ಒಲೆಯ ಬೂದಿಯಲ್ಲಿ ತಿಕ್ಕಿದರೆ ಮಂಕಾಗುವುದಕ್ಕೂ ಬೂದಿಯ ಕ್ಷಾರವೇ ಕಾರಣ. ಪಾತ್ರೆಯಲ್ಲಿ ಕಂಡದ್ದೇ ಗಾಲಿಯಲ್ಲೂ ನಡೆಯುತ್ತದೆ.

ಉಪ್ಪು ಇನ್ನೂ ಕೆಟ್ಟದ್ದು. ಅದರ ಕ್ಲೋರೈಡು ಪೊರೆಯನ್ನು ಅಲ್ಲಲ್ಲಿ ತೂತು ಮಾಡಿ ಸೂಜಿಮೊನೆಯಂಥ ಗುಳಿಗಳನ್ನು ಕೊರೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿ ಓಡಾಡುವ ವಾಹನಗಳಲ್ಲಿ ಇದನ್ನು ಕಾಣಬಹುದು. ಉತ್ತರ ಅಮೆರಿಕದಲ್ಲಿ ಚಳಿಗಾಲದ ಹೆದ್ದಾರಿಗೆ ಹಿಮ ಕರಗಿಸಲು ಸುರಿಯುವ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡುಗಳ ಹಾವಳಿ ಇದರ ಹತ್ತು ಪಟ್ಟು ಎನ್ನಬೇಕು. ಟೊರಾಂಟೊ, ಡೆಟ್ರಾಯಿಟ್ ಕಡೆ ನೆಲೆಸಿದ ಕನ್ನಡಿಗರಲ್ಲಿ ಕೆಲವರು ನವೆಂಬರ್ ಹೊತ್ತಿಗೆ ಅಲಾಯ್ ಬಿಚ್ಚಿಟ್ಟು ಚಳಿಗಾಲದ ಟೈರುಗಳನ್ನು ಉಕ್ಕಿನ ರಿಮ್ಮಿನೊಡನೆ ಹಾಕಿಸುವುದು ಇದಕ್ಕೇ.

ಕಾರಿನ ಗಾಲಿಗಳು ಬಹುಮಟ್ಟಿಗೆ ಎರಕದವು. ಅವಕ್ಕೆ ಹೆಚ್ಚಾಗಿ ಬಳಸುವ ಎ356 ಮಿಶ್ರಲೋಹದಲ್ಲಿ ಶೇ. 7ರಷ್ಟು ಸಿಲಿಕಾನ್ ಇರುತ್ತದೆ. ಅಚ್ಚಿನಲ್ಲಿ ಲೋಹ ಸರಾಗವಾಗಿ ಹರಿಯಲಿ ಎಂದು ಅದನ್ನು ಸೇರಿಸುತ್ತಾರೆ. ಟ್ರಕ್ಕಿನ ಫೋರ್ಜ್ ಗಾಲಿಗೆ 6061 ಎಂಬ ಮಿಶ್ರಲೋಹ, ಅದರಲ್ಲಿ ಸಿಲಿಕಾನ್ ಶೇ. 1ಕ್ಕಿಂತ ಕಡಿಮೆ. ಪಾಲಿಶ್ ಮಾಡುವವನಿಗೆ ಈ ವ್ಯತ್ಯಾಸ ಮುಖ್ಯ. ಎರಕದ ಲೋಹದಲ್ಲಿ ಸಿಲಿಕಾನಿನ ಗಟ್ಟಿ ಕಣಗಳೂ ಗಾಳಿಗುಳ್ಳೆಯ ಸಣ್ಣ ರಂಧ್ರಗಳೂ ಇರುವುದರಿಂದ ಎಷ್ಟೇ ಉಜ್ಜಿದರೂ ಹೊಳಪಿನಲ್ಲಿ ಒಂದು ಬೂದುಛಾಯೆ ಉಳಿಯುತ್ತದೆ. ಫೋರ್ಜ್ ಮಾಡಿದ ಲೋಹದ ಒಡಲು ಒತ್ತಾಗಿರುವುದರಿಂದ ಅದರಲ್ಲಿ ಮುಖ ನೋಡಿಕೊಳ್ಳಬಹುದು. ಟ್ರಕ್ಕಿನ ಗಾಲಿಯಷ್ಟು ನನ್ನ ಕಾರಿನದು ಏಕೆ ಹೊಳೆಯುವುದಿಲ್ಲ ಎಂದು ಕೊರಗುವವರಿಗೆ ಉತ್ತರ ಇಲ್ಲಿದೆ.

ಮೈ ಯಾವುದೆಂದು ತಿಳಿಯುವುದು

ಬರಿಮೈಯ ಅಲ್ಯೂಮಿನಿಯಂ, ಬಣ್ಣದ ಮೇಲೆ ಲ್ಯಾಕರ್ ಬಳಿದದ್ದು, ಪೌಡರ್ ಕೋಟಿಂಗ್, ಆನೊಡೈಸ್ ಮಾಡಿದ್ದು, ಕ್ರೋಮ್ ಲೇಪಿಸಿದ್ದು, ಇತ್ತೀಚಿನ ಕಾರುಗಳಲ್ಲಿ ಕಾಣುವ ಡೈಮಂಡ್ ಕಟ್, ಹೀಗೆ ಗಾಲಿಯ ಮೈ ಹಲವು ಬಗೆ. ಲೋಹದ ಪಾಲಿಶ್ ಸಲ್ಲುವುದು ಇವುಗಳಲ್ಲಿ ಒಂದಕ್ಕೆ ಮಾತ್ರ, ಬರಿಮೈಗೆ. ಹೊಸ ಕಾರಿನ ಗಾಲಿಗಳು ಹೆಚ್ಚುಕಡಿಮೆ ಎಲ್ಲವೂ ಲೇಪನದವು. ಟ್ರಕ್ ಗಾಲಿಗಳಲ್ಲೂ ಕಾರ್ಖಾನೆಯಲ್ಲೇ ರಕ್ಷಣೆಯ ಸಂಸ್ಕಾರ ಕೊಟ್ಟವು ಬಂದಿವೆ. ಅಲ್ಕೋವಾ ಹೆಸರಿನಲ್ಲಿ ಮಾರಾಟವಾಗುವ ಡ್ಯೂರಾ-ಬ್ರೈಟ್ ಅಂಥದು. ಅದಕ್ಕೆ ಸೋಪುನೀರು ಸಾಕು, ಪಾಲಿಶ್ ಹಚ್ಚಿದರೆ ಆ ರಕ್ಷಣೆಯೇ ಹೋಗುತ್ತದೆ.

ಗುರುತಿಸುವ ಉಪಾಯ ಸುಲಭ. ಗಾಲಿಯ ಕಾಣದ ಮೂಲೆಯೊಂದನ್ನು ತೊಳೆದು ಒರೆಸಿ, ಬಿಳಿ ಬಟ್ಟೆಗೆ ಬಟಾಣಿಯಷ್ಟು ಲೋಹದ ಪಾಲಿಶ್ ತೆಗೆದುಕೊಂಡು ಹತ್ತು ಸಲ ಉಜ್ಜಿರಿ. ಬಟ್ಟೆ ಕಪ್ಪಾದರೆ ಬರಿಮೈ. ಆ ಕಪ್ಪು ಕೊಳೆಯಲ್ಲ, ಕಿತ್ತುಬಂದ ಅಲ್ಯೂಮಿನಿಯಂ ಪುಡಿಯೇ. ತೀರ ನುಣ್ಣನೆಯ ಲೋಹದ ಪುಡಿ ಕಣ್ಣಿಗೆ ಕಪ್ಪಾಗಿ ಕಾಣುತ್ತದೆ. ಬಟ್ಟೆ ಬೆಳ್ಳಗೇ ಉಳಿದರೆ ಮೇಲೆ ಲ್ಯಾಕರೋ ಬೇರೆ ಲೇಪನವೋ ಇದೆ ಎಂದರ್ಥ. ಅಲ್ಲಿಗೇ ಕೈ ನಿಲ್ಲಿಸಬೇಕು.

ಡೈಮಂಡ್ ಕಟ್ ಗಾಲಿಯ ಮಾತು ಸ್ವಲ್ಪ ಬೇರೆ. ಬಣ್ಣ ಬಳಿದ ಗಾಲಿಯ ಮುಖವನ್ನು ಲೇತಿನಲ್ಲಿ ತೆಳುವಾಗಿ ಕೆತ್ತಿ, ಮೇಲೆ ಪಾರದರ್ಶಕ ಲ್ಯಾಕರ್ ಹಾಕಿರುತ್ತಾರೆ. ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಗ್ರಾಮಫೋನ್ ತಟ್ಟೆಯಂಥ ಸಣ್ಣ ಗೆರೆಗಳು ಕಾಣುತ್ತವೆ. ಒಂದು ಕಲ್ಲಿನೇಟೋ ಕರ್ಬಿಗೆ ಉಜ್ಜಿದ ಗಾಯವೋ ಲ್ಯಾಕರನ್ನು ಎಬ್ಬಿಸಿದರೆ ಸಾಕು, ತೇವವೂ ಉಪ್ಪೂ ಅದರಡಿ ನುಸುಳುತ್ತವೆ. ಕೆಲವು ತಿಂಗಳಲ್ಲಿ ಗೆದ್ದಲ ಜಾಡಿನಂಥ ಬೆಳ್ಳನೆಯ ಎಳೆಗಳು ಲ್ಯಾಕರಿನಡಿಯಲ್ಲೇ ಹರಿದಾಡುತ್ತವೆ. ಉಗುರಿನಿಂದ ಕೆರೆದರೆ ಲ್ಯಾಕರ್ ಸಿಪ್ಪೆಯಂತೆ ಏಳುತ್ತದೆ, ಕೆಳಗೆ ಬಿಳಿ ಪುಡಿ. ಇದನ್ನು ಮೇಲಿನಿಂದ ಪಾಲಿಶ್ ಮಾಡಿ ಹೋಗಲಾಡಿಸಲು ಆಗುವುದಿಲ್ಲ. ಲ್ಯಾಕರ್ ಪೂರ್ತಿ ತೆಗೆದು, ಮತ್ತೆ ಲೇತಿಗೆ ಕೊಟ್ಟು, ಹೊಸದಾಗಿ ಲ್ಯಾಕರ್ ಹಾಕಿಸಬೇಕು. ಪ್ರತಿ ಕೆತ್ತನೆಗೂ ಗಾಲಿ ತೆಳ್ಳಗಾಗುವುದರಿಂದ ಇದನ್ನು ಒಂದೆರಡು ಸಲಕ್ಕಿಂತ ಹೆಚ್ಚು ಮಾಡಿಸುವುದು ಕ್ಷೇಮವಲ್ಲ.

ತೊಳೆಯುವುದು

ಒಳ್ಳೆಯ ಆರೈಕೆಯ ಮುಕ್ಕಾಲು ಪಾಲು ತೊಳೆಯುವುದರಲ್ಲೇ ಇದೆ. ಗಾಲಿಯ ದೊಡ್ಡ ಶತ್ರು ರಸ್ತೆಯ ಕೆಸರಲ್ಲ, ಬ್ರೇಕಿನ ಧೂಳು. ಪ್ಯಾಡೂ ಎರಕದ ಕಬ್ಬಿಣದ ಡಿಸ್ಕೂ ಉಜ್ಜಿಕೊಂಡಾಗ ಬಿಸಿ ಕಬ್ಬಿಣದ ಕಣಗಳು ಹಾರಿ ಗಾಲಿಯ ಮೈಗೆ ಅಂಟುತ್ತವೆ, ಲ್ಯಾಕರಿನೊಳಕ್ಕೂ ಕಚ್ಚಿಕೊಳ್ಳುತ್ತವೆ. ಒಂದು ಮಳೆ ಬಿದ್ದರೆ ಅವು ತುಕ್ಕು ಹಿಡಿದು ಕಂದು ಚುಕ್ಕೆಗಳಾಗುತ್ತವೆ. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಬೇಗ ಕಪ್ಪಾಗುವುದಕ್ಕೆ ಕಾರಣ ಬ್ರೇಕಿನ ಹೆಚ್ಚಿನ ಭಾರವನ್ನು ಮುಂದಿನವೇ ಹೊರುವುದು.

ಗಾಲಿ ತಣ್ಣಗಾಗಿರಬೇಕು. ಘಾಟಿ ಇಳಿದು ಬಂದ ಕೂಡಲೇ ನೀರು ಎರಚಿದರೆ ಸೋಪು ಅಲ್ಲೇ ಆರಿ ಕಲೆ ಕಟ್ಟುತ್ತದೆ, ಬಿಸಿ ಬ್ರೇಕ್ ಡಿಸ್ಕ್ ಸೊಟ್ಟಗಾಗುವ ಸಂಭವವೂ ಉಂಟು. ನೀರು ಬಿಟ್ಟು ಮರಳು ಇಳಿಸಿ, ಕಾರ್ ಶಾಂಪೂ ಬೆರೆಸಿದ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಒಂದೊಂದೇ ಗಾಲಿ ತೊಳೆದು, ನೆರಳಿನಲ್ಲಿ ಒರೆಸಬೇಕು. ಗಾಲಿಗೆ ಬಳಸಿದ ಬಟ್ಟೆ ಮತ್ತೆ ಕಾರಿನ ಮೈಗೆ ತಾಗಬಾರದು, ಅದರಲ್ಲಿ ಕಬ್ಬಿಣದ ಚೂರುಗಳಿರುತ್ತವೆ. ಒರೆಸುವ ಕೆಲಸವನ್ನು ಬೆಂಗಳೂರಿನವರು ತಪ್ಪಿಸುವ ಹಾಗೇ ಇಲ್ಲ. ಇಲ್ಲಿನ ಬೋರ್‌ವೆಲ್ ನೀರು ಗಡಸು, ಆರಿದಲ್ಲೆಲ್ಲ ಸುಣ್ಣದ ಬಿಳಿ ಉಂಗುರ ಬಿಟ್ಟುಹೋಗುತ್ತದೆ.

ಬಟ್ಟೆ ಒಗೆಯುವ ಪುಡಿ ಬೇಡ, ಅದರಲ್ಲಿ ಸೋಡಾ ಇದೆ. ಕಾಸ್ಟಿಕ್ ಸೋಡಾ ಇರುವ ಒಲೆ ತೊಳೆಯುವ ದ್ರವ ಇನ್ನೂ ಬೇಡ, ಅದು ಅಲ್ಯೂಮಿನಿಯಂ ಜೊತೆ ನೊರೆಯೆದ್ದು ಜಲಜನಕ ಬಿಡುತ್ತ ಲೋಹವನ್ನೇ ತಿನ್ನುತ್ತದೆ. ತಂತಿಯ ನಾರು ಗೀರುತ್ತದೆ. ಕಚ್ಚಿಕೊಂಡ ಕಬ್ಬಿಣಕ್ಕೆ ಥಯೊಗ್ಲೈಕೊಲೇಟ್ ಇರುವ ದ್ರಾವಣಗಳು ಬಂದಿವೆ. ಸಿಂಪಡಿಸಿದ ಒಂದೆರಡು ನಿಮಿಷದಲ್ಲಿ ನೇರಳೆ ಬಣ್ಣ ಇಳಿಯುತ್ತದೆ. ಕಬ್ಬಿಣ ಕರಗುತ್ತಿರುವ ಗುರುತು ಅದು. ನಾತ ಕೆಟ್ಟದಾಗಿದ್ದರೂ ಲೇಪನಕ್ಕೆ ಹೆಚ್ಚು ತೊಂದರೆ ಮಾಡುವುದಿಲ್ಲ. ಆರಲು ಬಿಡದೆ ತೊಳೆದರಾಯಿತು.

ಆದರೆ ಹೈಡ್ರೊಫ್ಲೋರಿಕ್ ಆಮ್ಲವನ್ನೋ ಅಮೋನಿಯಂ ಬೈಫ್ಲೋರೈಡನ್ನೋ ಹಾಕಿದ 'ಬ್ರೈಟ್ನರ್' ದ್ರವಗಳ ಬಗ್ಗೆ ಬಿಚ್ಚಿ ಹೇಳಲೇಬೇಕು. ಟ್ರಕ್ ತೊಳೆಯುವ ಕಡೆ ಇವನ್ನು ಬಳಸುವುದುಂಟು, ಏಕೆಂದರೆ ಕೈ ನೋಯದೆ ಕೊಳೆ ಬಿಡುತ್ತದೆ. ಬಿಡುವುದು ಕೊಳೆ ಮಾತ್ರವಲ್ಲ. ಹೊಳೆಯುವ ಲೋಹ ಹಾಲು ಚೆಲ್ಲಿದಂತೆ ಬೆಳ್ಳಗೆ ಮಂಕಾಗುತ್ತದೆ. ಮನುಷ್ಯನ ಮೈಗೆ ಅದು ಮಾಡುವ ಹಾನಿ ಅದಕ್ಕಿಂತ ಘೋರ. ಫ್ಲೋರೈಡ್ ಚರ್ಮ ದಾಟಿ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಹಾಕುತ್ತದೆ. ತೆಳು ದ್ರಾವಣ ತಗುಲಿದಾಗ ನೋವು ಗಂಟೆಗಳ ನಂತರ ಶುರುವಾಗಬಹುದು, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪ್ರಥಮ ಚಿಕಿತ್ಸೆ ಧಾರಾಳ ನೀರು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್, ತಡಮಾಡದೆ ಆಸ್ಪತ್ರೆ. ಮನೆಯಂಗಳದಲ್ಲಿ ಇಂಥ ದ್ರವಕ್ಕೆ ಜಾಗವೇ ಇಲ್ಲ.

ನಮ್ಮ ಊರುಗಳಿಗೇ ಸೇರಿದ ಒಂದು ಸಂಗತಿಯೂ ಇದೆ. ಆಯುಧಪೂಜೆಯ ದಿನ ಗಾಲಿಯಡಿ ನಿಂಬೆಹಣ್ಣು ಇಟ್ಟು ಹರಿಸುತ್ತೇವೆ, ಕುಂಕುಮ ತುಂಬಿದ ಬೂದುಗುಂಬಳ ಒಡೆಯುತ್ತೇವೆ, ಗಾಲಿಗೂ ಅರಿಶಿನ ಕುಂಕುಮ ಹಚ್ಚುತ್ತೇವೆ. ಪೂಜೆ ಆಗಲಿ. ಸಂಜೆಯೊಳಗೆ ಒಂದು ಬಕೆಟ್ ನೀರು ಹಾಕಿ ನಿಂಬೆಯ ಹುಳಿಯನ್ನು ತೊಳೆದುಬಿಟ್ಟರೆ ಬರಿಮೈಯ ಗಾಲಿಗೆ ಕಲೆ ನಿಲ್ಲುವುದಿಲ್ಲ.

ಪಾಲಿಶ್ ಮಾಡುವ ಕ್ರಮ

ಬರಿಮೈಯ ಗಾಲಿ ಸ್ವಲ್ಪ ಮಂಕಾಗಿದ್ದರೆ ಕೈಪಾಲಿಶೇ ಸಾಕು. ನಮ್ಮ ಮನೆಗಳಲ್ಲಿ ಹಿತ್ತಾಳೆಗೆ ಬಳಸುವ ಬ್ರಾಸೊ, ಜರ್ಮನಿಯ ಆಟೊಸಾಲ್, ಅಮೆರಿಕದ ಮದರ್ಸ್ ಇವೆಲ್ಲ ಒಂದೇ ತತ್ತ್ವದವು: ನುಣ್ಣನೆಯ ಉಜ್ಜುಪುಡಿ, ಅದನ್ನು ಹಿಡಿದಿಡುವ ಎಣ್ಣೆ ಅಥವಾ ದ್ರಾವಕ. ಉಜ್ಜುಪುಡಿ ಬಹಳ ಸಲ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂನದೇ ಆಕ್ಸೈಡು. ಹರಳುಗಟ್ಟಿದ ಅಲ್ಯೂಮಿನಾದ ಗಡಸುತನ ಮೋಸ್ ಮಾನದಲ್ಲಿ 9, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಮಾತು ಇಲ್ಲಿ ಅಕ್ಷರಶಃ ನಿಜ. ಈ ಅಲ್ಯೂಮಿನಾ ತಯಾರಿಸುವ ಹಿಂಡಾಲ್ಕೊ ಕಾರ್ಖಾನೆ ನಮ್ಮ ಬೆಳಗಾವಿಯಲ್ಲೇ ಇದೆ.

ಗುಳಿ, ಗೀರು ಬಿದ್ದ ಗಾಲಿಗೆ ದೊಡ್ಡ ಕೆಲಸ ಬೇಕು. ಟ್ರಕ್ ಪಾಲಿಶ್‌ನವರು ಅದನ್ನು ಮೂರು ಹಂತದಲ್ಲಿ ಮಾಡುತ್ತಾರೆ. ಮೊದಲು ಕಾಗದ. ಗಾಯದ ಆಳ ನೋಡಿ 320 ಅಥವಾ 400 ನಂಬರಿನ ವಾಟರ್ ಪೇಪರಿನಿಂದ ಹೊರಟು 600, 800, 1000 ಎಂದು ಏರುತ್ತಾರೆ. ಒಂದು ನಂಬರನ್ನು ಅಡ್ಡ ಉಜ್ಜಿದರೆ ಮುಂದಿನದನ್ನು ಉದ್ದ. ಹಿಂದಿನ ಗೀರು ಒಂದೂ ಉಳಿಯದೆ ಹೊಸ ಗೀರುಗಳಷ್ಟೇ ಕಾಣುವವರೆಗೆ ಮುಂದಿನ ಕಾಗದ ಮುಟ್ಟುವಂತಿಲ್ಲ. ಆತುರಗಾರರು ಸೋಲುವುದು ಇಲ್ಲಿಯೇ. 400ರ ಒಂದು ಗೀರು ಉಳಿದಿದ್ದರೆ ಕೊನೆಯ ಹೊಳಪಿನಲ್ಲಿ ಅದು ಮೊದಲಿಗಿಂತ ಎದ್ದು ಕಾಣುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಎರಡನೆಯದು ಬಫಿಂಗ್. ವೇಗ ಹೊಂದಿಸಬಹುದಾದ ಆಂಗಲ್ ಗ್ರೈಂಡರಿಗೆ ಹತ್ತಿಬಟ್ಟೆಯ ಮಡಿಕೆಗಳಿಂದ ಮಾಡಿದ ಬಫ್ ಸಿಕ್ಕಿಸಿ, ತಿರುಗುತ್ತಿರುವಾಗ ಬಫಿಂಗ್ ಸೋಪಿನ ಕಟ್ಟಿಯನ್ನು ಒಂದೆರಡು ಸೆಕೆಂಡು ತಾಗಿಸುತ್ತಾರೆ. ವೇಗ ನಿಮಿಷಕ್ಕೆ 2000ದಿಂದ 3000 ಸುತ್ತು. ಮೊದಲಿಗೆ ಗಟ್ಟಿ ಬಫ್, ಒರಟು ಸೋಪು. ಆಮೇಲೆ ಮೆತ್ತನೆ ಬಫ್, ನುಣುಪು ಸೋಪು. ಸೋಪಿನ ಬಣ್ಣ ನಂಬಿ ಕೊಳ್ಳಬಾರದು, ಒಬ್ಬ ತಯಾರಕನ ಹಸಿರು ಇನ್ನೊಬ್ಬನ ಹಸಿರಿಗೆ ಸಮವಲ್ಲ. ಬಫ್ ತಿರುಗುವ ದಿಕ್ಕಿಗೆ ಎದುರಾಗಿ ಯಂತ್ರ ಎಳೆದರೆ ಲೋಹ ಹೆಚ್ಚು ಕೊಯ್ಯುತ್ತದೆ, ಅದರ ದಿಕ್ಕಿನಲ್ಲೇ ಎಳೆದರೆ ಹೊಳಪು ಏರುತ್ತದೆ. ಆದ್ದರಿಂದ ಕೊನೆಯ ಎಳೆತಗಳೆಲ್ಲ ದಿಕ್ಕಿನ ಜೊತೆಗೆ, ಹಗುರ ಕೈಯಲ್ಲಿ. ನಡುನಡುವೆ ಬಫ್‌ನ ಅಂಚು ಕರಿ ಮೇಣ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಹಲ್ಲಿರುವ ಕುಂಟೆಯಂಥ ಉಪಕರಣದಿಂದ ಅದನ್ನು ಕೆರೆದು ತೆಗೆಯದಿದ್ದರೆ ಆ ಮೇಣವೇ ಗಾಲಿಯ ಮೇಲೆ ಪಟ್ಟೆ ಬಳಿಯುತ್ತದೆ.

ಮೂರನೆಯದನ್ನು ಮೊದಲ ಸಲ ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಬಫಿಂಗ್ ಮುಗಿದ ಗಾಲಿ ಹೊಳೆಯುವುದಿಲ್ಲ. ಜಿಡ್ಡು ಕಪ್ಪಿನ ತೆಳುಪರದೆ ಮುಚ್ಚಿರುತ್ತದೆ. ಅಮೆರಿಕದ ಪಾಲಿಶ್‌ನವರು ಆಗ ಹಿಟ್ಟಿನ ಡಬ್ಬಿ ತೆಗೆಯುತ್ತಾರೆ. ಗೋಧಿಹಿಟ್ಟನ್ನೋ ಜೋಳದ ಪಿಷ್ಟವನ್ನೋ ಗಾಲಿಯ ಮೇಲೆ ಉದುರಿಸಿ, ಮೆತ್ತನೆಯ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸುತ್ತಾರೆ. ಹಿಟ್ಟು ಜಿಡ್ಡನ್ನು ಹೀರಿ ಬೂದಿ ಬಣ್ಣಕ್ಕೆ ತಿರುಗಿ ಉದುರುತ್ತದೆ, ಅದರ ಹಿಂದೆಯೇ ಒರೆಸಿದವನ ಮುಖ ಗಾಲಿಯಲ್ಲಿ ಮೂಡುತ್ತದೆ. ಒಣ ಬಟ್ಟೆಯಲ್ಲಿ ಜೋರಾಗಿ ಒತ್ತಿ ಒರೆಸಿದರೆ ಬರುವ ಸಣ್ಣ ಗೀರುಗಳು ಹಿಟ್ಟಿನಿಂದ ಬರುವುದಿಲ್ಲ.

ಹೀಗೆ ತೆರೆದ ಲೋಹಕ್ಕೆ ಆಮೇಲೆ ಮುಚ್ಚಿಗೆ ಬೇಕು. ಕಾರ್ನೌಬಾ ಮೇಣ ಒಳ್ಳೆಯ ಕಾಂತಿ ಕೊಡುತ್ತದೆ, ಆದರೆ 82ರಿಂದ 86 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬ್ರೇಕಿನ ಶಾಖದ ಪಕ್ಕದಲ್ಲಿ ಅದರ ಬಾಳಿಕೆ ಕಡಿಮೆ. ಪಾಲಿಮರ್ ಅಥವಾ ಸೆರಾಮಿಕ್ ಲೇಪಗಳು ಹೆಚ್ಚು ತಾಳುತ್ತವೆ. ಹಚ್ಚುವ ಮೊದಲು ಎಣ್ಣೆಯ ಅಂಶ ಪೂರ್ತಿ ಹೋಗಿರಬೇಕು.

ಧೂಳಿನ ಅಪಾಯ

ಪಾಲಿಶ್‌ನಿಂದ ಏಳುವ ಅಲ್ಯೂಮಿನಿಯಂ ಧೂಳು ಉಸಿರಿಗೆ ಮಾತ್ರ ಕೆಟ್ಟದ್ದಲ್ಲ, ಅದು ಸಿಡಿಯುತ್ತದೆ. 2003ರ ಅಕ್ಟೋಬರ್ 29ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಹಂಟಿಂಗ್‌ಟನ್‌ನಲ್ಲಿ ಅಲ್ಯೂಮಿನಿಯಂ ಗಾಲಿ ಮಾಡುವ ಕಾರ್ಖಾನೆಯಲ್ಲಿ ಧೂಳು ಸಿಡಿದು ಒಬ್ಬ ಕಾರ್ಮಿಕ ಸತ್ತ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಗಾಲಿ ಪಾಲಿಶ್ ಮಾಡುವ ಕಾರ್ಯಾಗಾರವೇ ಸಿಡಿದು 146 ಮಂದಿ ಪ್ರಾಣ ಕಳೆದುಕೊಂಡರು. ಧೂಳು ಹೀರುವ ವ್ಯವಸ್ಥೆಯನ್ನು ಸಕಾಲಕ್ಕೆ ಶುಚಿ ಮಾಡಿರಲಿಲ್ಲ. ಸಂಗ್ರಹವಾಗಿದ್ದ ಪುಡಿಗೆ ತೇವ ತಗುಲಿ, ಶಾಖ ಹುಟ್ಟಿ, ಕಿಡಿಯಾಯಿತು ಎಂದು ತನಿಖೆ ಹೇಳಿತು. ನಾವು ಕೈಯಾಡಿಸುವ ಹೊಳಪಿನ ಹಿಂದೆ ಆ ಜೀವಗಳಿವೆ. ಸಣ್ಣ ಗ್ಯಾರೇಜಿನಲ್ಲೂ ನಿಯಮ ಅದೇ: ಗಾಳಿಯಾಡುವ ಜಾಗ, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ, ದಿನದ ಕೊನೆಗೆ ಪುಡಿ ಗುಡಿಸಿ ಹೊರಗೆ. ಉಕ್ಕು ಉಜ್ಜುವ ಗ್ರೈಂಡರಿನ ಕಿಡಿ ಆ ಪುಡಿಯ ಹತ್ತಿರ ಸುಳಿಯಬಾರದು. ಹೊತ್ತಿಕೊಂಡರೆ ನೀರು ಹಾಕಬಾರದು. ಒಣ ಮರಳು ಮುಚ್ಚಬೇಕು.

ಹೊಳಪಿನಾಚೆ

ಪಾಲಿಶ್ ಮಾಡುವ ಹೊತ್ತು ಗಾಲಿಯನ್ನು ಪರೀಕ್ಷಿಸುವ ಹೊತ್ತೂ ಹೌದು. ಕೊಳೆಯಡಿ ಕಾಣದ ಬಿರುಕು ಹೊಳಪಿನಲ್ಲಿ ಕಪ್ಪು ಕೂದಲಿನಂತೆ ಕಾಣುತ್ತದೆ. ನಟ್ಟಿನ ರಂಧ್ರಗಳ ಸುತ್ತ, ಗಾಳಿಕಿಂಡಿಗಳ ಅಂಚು, ವಾಲ್ವ್ ತೂತು, ಇವು ಬಿರುಕು ಹುಟ್ಟುವ ಜಾಗಗಳು. ಟ್ರಕ್ಕುಗಳಲ್ಲಿ ಟೈರಿನ ಪಕ್ಕೆ ಉಜ್ಜಿ ಉಜ್ಜಿ ರಿಮ್ಮಿನ ಅಂಚು ಕತ್ತಿಯಂತೆ ಚೂಪಾಗುವುದೂ ಉಂಟು, ಅದನ್ನು ಅಳೆಯಲು ಗೇಜ್ ಇದೆ. ಕಾರಿನ ಟೈರು ವಾರಕ್ಕೊಮ್ಮೆ ಗಾಳಿ ಇಳಿಯುತ್ತಿದ್ದು, ಪಂಕ್ಚರ್ ಅಂಗಡಿಯವನಿಗೆ ಮೊಳೆ ಸಿಗದಿದ್ದರೆ, ಟೈರು ಕೂರುವ ರಿಮ್ಮಿನ ಒಳಅಂಚು ಕೊರೆದುಹೋಗಿದೆಯೇ ನೋಡಿಸಬೇಕು.

ನಟ್ ಕೂರುವ ಜಾಗ, ಹಬ್ಬಿಗೆ ಒತ್ತಿಕೊಳ್ಳುವ ಹಿಂಬದಿ, ಟೈರು ಕೂರುವ ಅಂಚು ಇವನ್ನು ಬಫ್ ಮಾಡಲೇಬಾರದು. ಅಲ್ಲಿ ಪಾಲಿಶಿನ ಜಿಡ್ಡಾಗಲಿ ಬಣ್ಣವಾಗಲಿ ಉಳಿದರೆ ನಟ್ ಸಡಿಲವಾಗುತ್ತದೆ. ಕಾರಿನ ನಟ್ಟುಗಳಿಗೆ ಸಾಮಾನ್ಯವಾಗಿ 100ರಿಂದ 140 ನ್ಯೂಟನ್ ಮೀಟರ್ ಬಿಗಿ, ದೊಡ್ಡ ಟ್ರಕ್ಕುಗಳ 22 ಮಿ.ಮೀ. ಸ್ಟಡ್ಡುಗಳಿಗೆ 610ರಿಂದ 680. ಖಚಿತ ಅಂಕಿ ವಾಹನದ ಕೈಪಿಡಿಯಲ್ಲಿರುತ್ತದೆ. ಗಾಲಿ ಬಿಚ್ಚಿ ಹಾಕಿದ ಮೇಲೆ 80ರಿಂದ 160 ಕಿ.ಮೀ. ಓಡಿಸಿ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಬೇಕು.

ಈ ಗಾಲಿಗಳ ಬಲ ಬಂದಿರುವುದು ಕಾಯಿಸಿ, ನೀರಿಗದ್ದಿ, ಮತ್ತೆ ಹದವಾಗಿ ಬಿಸಿಮಾಡುವ ಸಂಸ್ಕಾರದಿಂದ. ಸುಮಾರು 200 ಡಿಗ್ರಿ ದಾಟಿದ ಶಾಖ ಹೊತ್ತುಹೊತ್ತು ತಗುಲಿದರೆ ಆ ಬಲ ಇಳಿಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಆದ್ದರಿಂದ ಬೆಂಕಿಗೆ ಸಿಕ್ಕ ಗಾಲಿ, ಕಾಯಿಸಿ ನೆಟ್ಟಗೆ ಮಾಡಿದ ಗಾಲಿ, ಬಿರುಕಿಗೆ ವೆಲ್ಡಿಂಗ್ ಹೊಡೆಸಿದ ಗಾಲಿ ಎಷ್ಟು ಹೊಳೆದರೂ ರಸ್ತೆಗೆ ಅಯೋಗ್ಯ. ಅಂಥದನ್ನು ಮತ್ತೊಬ್ಬರು ಕೊಂಡು ಹಾಕಿಕೊಳ್ಳದಂತೆ ಕತ್ತರಿಸಿ ಗುಜರಿಗೆ ಕೊಡಬೇಕು. ಹಳೆಯ ಅಲ್ಯೂಮಿನಿಯಂ ಕರಗಿಸಿ ಮರಳಿ ಲೋಹ ಮಾಡಲು, ಅದಿರಿನಿಂದ ಹೊಸದು ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ. 5 ಸಾಕು.